ನಾಗವಲ್ಲಿ ಆಡಿದ ಮಾತು



2004ನೆಯ ಇಸವಿಯ ಮಾತು. ‘ಆಪ್ತಮಿತ್ರ’ ಆಗಸ್ಟ್ 27ರಂದು ತೆರೆ ಕಂಡಿತ್ತು. ನಮ್ಮ ಬೀದರಿಗೆ ಬರುವ ಹೊತ್ತಿಗೆ ಅದರ ಹಾಡುಗಳು ಓಣಿಯ ಮಕ್ಕಳ ಬಾಯಲ್ಲಿದ್ದವು. ನಮ್ಮ ದೊಡ್ಡವ್ವ ಔರಾದ ಕಡೆಯ ಹಳ್ಳಿಯಿಂದ ಕಣ್ಣು ತೋರಿಸಲಿಕ್ಕೆ ಬಂದಿದ್ದಳು. ಡಾಕ್ಟರು ಮರುದಿನ ಬರ್ರಿ ಅಂದರು. ಒಂದು ಮಧ್ಯಾಹ್ನ ಖಾಲಿ ಸಿಕ್ಕಿತು. ಕರಕೊಂಡು ಹೋಗಿ ಟಾಕೀಸಿನಲ್ಲಿ ಕೂಡಿಸಿದೆ. ಸಿನಿಮಾ ನೋಡಿ ಹತ್ತು ವರ್ಷವಾಗಿತ್ತಂತೆ ಆಕೆಗೆ.

ನೀವು ಆ ಚಿತ್ರ ನೋಡಿದ್ದರೆ ಆ ಗಳಿಗೆ ನೆನಪಿದ್ದೇ ಇರುತ್ತದೆ. ಗಂಗಾ ಎಂಬ ಮೆತ್ತನೆಯ ಹೆಣ್ಣುಮಗಳು ಹೊರಗೆ ಹೋಗಬೇಕೆನ್ನುತ್ತಾಳೆ, ಗಂಡ ಬೇಡವೆನ್ನುತ್ತಾನೆ. ಅಷ್ಟಕ್ಕೇ ಆಕೆಯ ಕಣ್ಣು ಬದಲಾಗುತ್ತದೆ, ದನಿ ಬದಲಾಗುತ್ತದೆ, ಮಂಚವನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ. ಬಾಯಿಂದ ಬರುವ ಮಾತು ಕನ್ನಡವಲ್ಲ, ತೆಲುಗು. ಟಾಕೀಸು ಉಸಿರು ಹಿಡಿದಿತ್ತು. ಹಿಂದಿನ ಸಾಲಿನಲ್ಲಿ ಒಂದು ಕೂಸು ಅಳತೊಡಗಿತು. ನನ್ನ ಪಕ್ಕದಲ್ಲಿ ದೊಡ್ಡವ್ವ ಮುಂದಕ್ಕೆ ಬಾಗಿ, ಮನೆಯ ಕಟ್ಟೆಯ ಮೇಲೆ ಕೂತವಳ ಹಾಗೆ ಹೇಳಿದಳು: “ಪಾಪ, ಅಕಿ ಏನ್ ಹೇಳ್ಲತ್ತಾಳ ಒಬ್ಬರಿಗೂ ತಿಳಿವಲ್ದು ನೋಡು.”

ಆಕೆಗೆ ಹೆದರಿಕೆ ಆಗಲಿಲ್ಲ. ಮರುಕ ಆಯಿತು. ಇಪ್ಪತ್ತು ವರ್ಷದ ಮೇಲಾಯಿತು, ಆ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ. ಆ ಚಿತ್ರವನ್ನು ಮಾಡಿದವರು ಯಾರು, ಯಾವ ಯಾವ ಊರಿನವರು, ಯಾವ ಯಾವ ಭಾಷೆಯವರು, ಅವರು ಕಟ್ಟಿದ ಭಯ ನಮ್ಮ ಗಡಿನಾಡಿಗೆ ಬಂದಾಗ ಏನಾಗುತ್ತದೆ ಎಂದು ಇವತ್ತು ನಿಮ್ಮ ಜೊತೆ ಮಾತಾಡುತ್ತೇನೆ.

ದೊಡ್ಡವ್ವನ ತವರು ನಾರಾಯಣಖೇಡದ ಕಡೆ. ಅಲ್ಲಿ ತೆಲುಗು. ಕೊಟ್ಟ ಮನೆಯಲ್ಲಿ ಕನ್ನಡ. ಸಂತೆಗೆ ಹೋದರೆ ಮರಾಠಿ. ಕಚೇರಿ, ದವಾಖಾನೆ, ಬಸ್ ಸ್ಟ್ಯಾಂಡಿನಲ್ಲಿ ದಖನಿ ಉರ್ದು. ಅಕ್ಷರ ಬಾರದ ಹೆಂಗಸು, ನಾಲ್ಕು ಭಾಷೆಯಲ್ಲಿ ಜಗಳ ಆಡಬಲ್ಲಳು, ನಾಲ್ಕರಲ್ಲೂ ಮಗುವನ್ನು ಮಲಗಿಸಬಲ್ಲಳು. 1956ರ ನವೆಂಬರ್ 1ಕ್ಕೆ ಮುಂಚೆ ಉದಗೀರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ನಮ್ಮ ಬೀದರ ಜಿಲ್ಲೆಯೊಳಗೇ ಇದ್ದವು. ಗೆರೆ ಎಳೆದದ್ದು ಆಮೇಲೆ. ಗೆರೆಯ ಆಚೆ ಅಕ್ಕ, ಈಚೆ ತಂಗಿ ಉಳಿದರು. ಆದ್ದರಿಂದ ತೆರೆಯ ಮೇಲಿನ ಹೆಣ್ಣು ತೆಲುಗಿಗೆ ತಿರುಗಿದಾಗ ಇಡೀ ಕರ್ನಾಟಕ ಬೆಚ್ಚಿಬಿದ್ದಿತು, ದೊಡ್ಡವ್ವನಿಗೆ ತವರಿನವಳೊಬ್ಬಳು ಬಂದು ನಿಂತಂತಾಯಿತು.

‘ಆಪ್ತಮಿತ್ರ’ದ ಕಥೆಯ ಬೇರು ಕೇರಳದ್ದು. ಬರೆದವರು ಮಧು ಮುಟ್ಟಂ. ಆಲಪ್ಪುಳ ಜಿಲ್ಲೆಯ ಮುಟ್ಟಂನಲ್ಲಿ ಆಲುಮ್ಮೂಟ್ಟಿಲ್ ಎಂಬ ಹಳೆಯ ಮನೆತನವಿದೆ. ಅಲ್ಲಿ ಹಿಂದೆ ನಡೆದ ಒಂದು ದುರಂತದ ನೆನಪೇ ಕಥೆಗೆ ಬೀಜವಾಯಿತು. 1993ರಲ್ಲಿ ಫಾಜಿಲ್ ಅದನ್ನು ‘ಮಣಿಚಿತ್ರತ್ತಾಳ್’ ಎಂಬ ಚಿತ್ರ ಮಾಡಿದರು. ಚಿತ್ತಾರದ ಬೀಗ ಎಂದು ಅದರ ಅರ್ಥ. ಮೋಹನ್‌ಲಾಲ್ ಮನೋವೈದ್ಯ, ಸುರೇಶ್ ಗೋಪಿ ಗಂಡ, ಶೋಭನಾ ಗಂಗಾ. ಪದ್ಮನಾಭಪುರಂ ಅರಮನೆಯಲ್ಲೂ ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸಿನಲ್ಲೂ ಚಿತ್ರೀಕರಣ ನಡೆಯಿತು. ಕೆಲಸ ಬೇಗ ಮುಗಿಯಬೇಕೆಂದು ಫಾಜಿಲ್ ತಮ್ಮ ಗೆಳೆಯರನ್ನೇ ಕೈಜೋಡಿಸಲು ಕರೆದರು. ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್ ಮತ್ತು ಲಾಲ್, ಒಬ್ಬೊಬ್ಬರೂ ಆಗಲೇ ಹೆಸರಾದ ನಿರ್ದೇಶಕರು, ಇನ್ನೊಬ್ಬನ ಚಿತ್ರದಲ್ಲಿ ಎರಡನೆಯ ಘಟಕದ ಕೆಲಸಕ್ಕೆ ನಿಂತರು. ನನಗೆ ಇದು ದೊಡ್ಡ ಮಾತೆನಿಸುತ್ತದೆ. ಕಣದಲ್ಲಿ ರಾಶಿ ಇದ್ದಾಗ ಮಳೆ ಬರುವಂತಿದ್ದರೆ ಅಕ್ಕಪಕ್ಕದ ಹೊಲದವರು ತಮ್ಮ ಕೆಲಸ ಬಿಟ್ಟು ಓಡಿಬರುತ್ತಾರಲ್ಲ, ಹಾಗೆ. ಶೋಭನಾ ಅವರಿಗೆ ಆ ಪಾತ್ರಕ್ಕಾಗಿ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು.

ಅಲ್ಲಿ ಗಂಗಾಳ ಮೈಮೇಲೆ ಬರುವ ನಾಗವಲ್ಲಿ ಆಡುವುದು ತಮಿಳು. ತಂಜಾವೂರಿನಿಂದ ತಂದ ನರ್ತಕಿ ಆಕೆ. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. 2005ರಲ್ಲಿ ರಜನೀಕಾಂತ್ ಅವರ ‘ಚಂದ್ರಮುಖಿ’ಯಾಗಿ ತಮಿಳಿಗೆ ಹೋದಾಗಲೂ ಜ್ಯೋತಿಕಾ ಬಾಯಲ್ಲಿ ತೆಲುಗೇ. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಮಾಡಿದಾಗ ವಿದ್ಯಾ ಬಾಲನ್ ಬಂಗಾಳಿಯಲ್ಲಿ ಗದರಿಸಿದರು. ಗಮನಿಸಿ, ಯಾವ ಭಾಷೆಯಲ್ಲಿ ತೆಗೆದರೂ ದೆವ್ವಕ್ಕೆ ಕೊಟ್ಟದ್ದು ಹೊರಗಿನವರ ಭಾಷೆ. ತೀರ ಗೊತ್ತಿಲ್ಲದ ಭಾಷೆ ಆಗಿದ್ದರೆ ಅದು ಬರೀ ಸದ್ದಾಗುತ್ತಿತ್ತು. ಪೂರ್ತಿ ನಮ್ಮದೇ ಆಗಿದ್ದರೆ ಮೈ ಜುಮ್ಮೆನ್ನುತ್ತಿರಲಿಲ್ಲ. ಅರ್ಧ ತಿಳಿದು ಅರ್ಧ ತಿಳಿಯದ ಮಾತಿಗೇ ಆ ಶಕ್ತಿ.

ಹೆಸರಿನಲ್ಲೂ ಒಂದು ವಿಷಯವಿದೆ. ಮಲಯಾಳದವರು ಬೀಗದ ಹೆಸರಿಟ್ಟರು, ತಮಿಳಿನವರು ದೆವ್ವದ ಹೆಸರಿಟ್ಟರು, ಹಿಂದಿಯವರು ದಾರಿ ತಪ್ಪಿಸುವ ಓಣಿಗಳ ಹೆಸರಿಟ್ಟರು. ಕನ್ನಡದವರು ಗೆಳೆಯನ ಹೆಸರಿಟ್ಟರು. ನಾಲ್ಕರಲ್ಲಿ ಕಾಯಿಲೆಯವಳ ಹತ್ತಿರ ಬಂದು ಕೂತವನನ್ನು ನೆನೆದ ಹೆಸರು ಇದೊಂದೇ.

ಆ ಹೆಸರಿಗೆ ಪರದೆಯ ಆಚೆಗೂ ಒಂದು ಅರ್ಥ ಇತ್ತು. ನಿರ್ಮಾಪಕ ದ್ವಾರಕೀಶ್ ಹುಣಸೂರಿನವರು, ವಿಷ್ಣುವರ್ಧನ್ ಮೈಸೂರಿನವರು. 1972ರಲ್ಲಿ ‘ನಾಗರಹಾವು’ ಚಿತ್ರದ ರಾಮಾಚಾರಿಯಾಗಿ ವಿಷ್ಣು ಮನೆಮಾತಾದರು. ಮುಂದೆ ‘ಕಳ್ಳ ಕುಳ್ಳ’, ‘ಕಿಟ್ಟು ಪುಟ್ಟು’, ‘ಸಿಂಗಾಪುರದಲ್ಲಿ ರಾಜಾ ಕುಳ್ಳ’, ‘ಗುರು ಶಿಷ್ಯರು’, ಹೀಗೆ ಈ ಉದ್ದ ಮತ್ತು ಕುಳ್ಳ ಜೋಡಿ ಒಂದು ತಲೆಮಾರನ್ನು ನಗಿಸಿತು. ಕನ್ನಡ ಚಿತ್ರದ ಕ್ಯಾಮೆರಾವನ್ನು ಸಿಂಗಾಪುರದವರೆಗೆ ಹೊತ್ತುಕೊಂಡು ಹೋದ ಸಾಹಸಿ ದ್ವಾರಕೀಶ್. ಆಮೇಲೆ ಇಬ್ಬರ ನಡುವೆ ಮನಸ್ತಾಪ ಬಂತು, ವರ್ಷಗಟ್ಟಲೆ ಮಾತು ನಿಂತಿತು. ಅದೇ ಕಾಲದಲ್ಲಿ ದ್ವಾರಕೀಶ್ ತೆಗೆದ ಚಿತ್ರಗಳು ಸೋತವು, ಸಾಲ ಏರಿತು. ಇದನ್ನೆಲ್ಲ ಅವರು ತಾವೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಹಾಗಿರುವಾಗ ಮತ್ತೆ ಒಂದಾಗಿ ಮಾಡಿದ ಚಿತ್ರ ಇದು. ಅದರಲ್ಲಿ ವಿಷ್ಣು ಮುಳುಗುವ ಮನೆಯೊಂದನ್ನು ಎತ್ತಲು ಬರುವ ಡಾಕ್ಟರ್ ವಿಜಯ್. ದ್ವಾರಕೀಶ್ ಆ ಮನೆಯಲ್ಲೇ ಹೆದರಿ ನಡುಗುವ ಪಾತ್ರ. ಕಥೆಯಲ್ಲಿ ಇದ್ದದ್ದೂ ಬದುಕಿನಲ್ಲಿ ನಡೆದದ್ದೂ ಎಷ್ಟು ಹತ್ತಿರ ಎಂದು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ನಿರ್ದೇಶಕ ಪಿ. ವಾಸು ಮದ್ರಾಸಿನ ಮಲಯಾಳಿ ಮನೆತನದವರು. ಅವರ ತಂದೆ ಪೀತಾಂಬರಂ ಎಂ.ಜಿ.ಆರ್. ಅವರಿಗೆ ಬಣ್ಣ ಹಚ್ಚುತ್ತಿದ್ದ ಪ್ರಸಾಧನ ಕಲಾವಿದ. ಒಂದು ಮುಖ ಇನ್ನೊಂದು ಮುಖವಾಗುವುದನ್ನು ಆ ಮನೆಯ ಹುಡುಗ ಚಿಕ್ಕಂದಿನಿಂದ ನೋಡಿಯೇ ಬೆಳೆದಿರಬೇಕು. ಗಂಗಾಳ ಮುಖ ನಾಗವಲ್ಲಿಯದಾಗುವಾಗ ವಾಸು ತೀರ ಕಡಿಮೆ ಬಣ್ಣ ಬಳಸಿದ್ದಾರೆ. ಕಣ್ಣಿನ ಕಾಡಿಗೆ, ಬಿಚ್ಚಿದ ಕೂದಲು, ಹಣೆಯ ಕುಂಕುಮ. ಉಳಿದದ್ದೆಲ್ಲ ನಟಿಯ ಕೆಲಸ.

ಆ ನಟಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು. ಮುಳಬಾಗಿಲು ಅಂದರೆ ಕರ್ನಾಟಕದ ಮೂಡಣ ಬಾಗಿಲು. ಅಲ್ಲಿಂದಾಚೆ ಆಂಧ್ರ. ನಾವು ಬಡಗಣ ತುದಿಯವರು, ಆಕೆ ಮೂಡಣ ತುದಿಯವಳು, ಇಬ್ಬರದೂ ಎರಡೆರಡು ಭಾಷೆಯ ಅಂಗಳ. 1992ರಲ್ಲಿ ‘ಗಂಧರ್ವ’ ಎಂಬ ಕನ್ನಡ ಚಿತ್ರದಿಂದ ಶುರು ಮಾಡಿದರು. ಹೆಸರು ಬಂದದ್ದು ತೆಲುಗಿನಲ್ಲಿ. 1995ರ ‘ಅಮ್ಮೋರು’ ಚಿತ್ರ ನೋಡಲಿಕ್ಕೆ ನಮ್ಮ ಕಡೆಯ ಹೆಂಗಸರು ಜಹೀರಾಬಾದಿಗೆ ಗಾಡಿ ಮಾಡಿಕೊಂಡು ಹೋದದ್ದು ನನಗೆ ನೆನಪಿದೆ. 1999ರಲ್ಲಿ ಅಮಿತಾಭ್ ಬಚ್ಚನ್ ಜೊತೆ ‘ಸೂರ್ಯವಂಶಂ’ ಮಾಡಿದರು. ಆ ಚಿತ್ರ ಇವತ್ತಿಗೂ ಯಾವುದಾದರೂ ಟಿವಿ ಚಾನೆಲ್ಲಿನಲ್ಲಿ ಬರುತ್ತಲೇ ಇರುತ್ತದೆ. ಇಷ್ಟೆಲ್ಲ ಆದಮೇಲೆ ಕೈಯಲ್ಲಿದ್ದ ದುಡ್ಡು ಹಾಕಿ ಕನ್ನಡದಲ್ಲಿ ‘ದ್ವೀಪ’ ತೆಗೆದರು. ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನ. ಅಣೆಕಟ್ಟಿನ ನೀರು ಏರುತ್ತಾ ಬರುವಾಗ ಬೆಟ್ಟದ ಮೇಲೆ ಉಳಿದ ಒಂದು ಸಂಸಾರದ ಕಥೆ. ಅದಕ್ಕೆ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಬಂತು. ಅಲ್ಲಿಯ ನಾಗಿ ಮತ್ತು ಇಲ್ಲಿಯ ನಾಗವಲ್ಲಿ ಒಬ್ಬಳೇ ನಟಿಯ ಕೆಲಸ ಎಂದರೆ, ಎರಡನ್ನೂ ನೋಡದವರು ನಂಬುವುದು ಕಷ್ಟ.

2004ರ ಏಪ್ರಿಲ್ 17ರಂದು ಸೌಂದರ್ಯ ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದರು. ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಪುಟ್ಟ ವಿಮಾನ ಕೆಲವೇ ನಿಮಿಷಗಳಲ್ಲಿ ನೆಲಕ್ಕೆ ಬಿತ್ತು. ಜೊತೆಗೆ ಅಣ್ಣ ಅಮರನಾಥ್ ಕೂಡ ಇದ್ದರು. ಒಬ್ಬರೂ ಉಳಿಯಲಿಲ್ಲ. ‘ಆಪ್ತಮಿತ್ರ’ ತೆರೆಗೆ ಬಂದದ್ದು ಅದಾದ ನಾಲ್ಕು ತಿಂಗಳ ಮೇಲೆ. ಆಕೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಸಂದದ್ದು ಇನ್ನೂ ಆಮೇಲೆ.

ಉಳಿದವರನ್ನೂ ನೆನೆಯಬೇಕು. ಗಂಡನಾಗಿ ನಟಿಸಿದ ರಮೇಶ್ ಅರವಿಂದ್ ತಮಿಳು ಮನೆಮಾತಿನವರು. ಮನೆಯವರೆಲ್ಲರ ಸಂಶಯ ಯಾರ ಮೇಲೆ ಬೀಳುತ್ತದೋ ಆ ಹುಡುಗಿಯಾಗಿ ನಟಿಸಿದ ಪ್ರೇಮಾ ಕೊಡವರು. ಸಂಗೀತ ಕೊಟ್ಟ ಗುರುಕಿರಣ್ ಮಂಗಳೂರು ಕಡೆಯವರು. ಅವರು ಕಟ್ಟಿದ ನಾಗವಲ್ಲಿಯ ಹಾಡನ್ನು ಹಾಡಿದವರು ಕರ್ನಾಟಕ ಸಂಗೀತದ ದೊಡ್ಡ ಮನೆತನದಿಂದ ಬಂದ ನಿತ್ಯಶ್ರೀ ಮಹದೇವನ್. ಆ ಧಾಟಿ ಎಷ್ಟು ಹಿಡಿಸಿತೆಂದರೆ ‘ಚಂದ್ರಮುಖಿ’ಯಲ್ಲೂ ಅದೇ ಉಳಿಯಿತು. ಆಚಾರ್ಯರ ಪಾತ್ರದಲ್ಲಿ ಅವಿನಾಶ್. ನಾಗವಲ್ಲಿಯ ಪ್ರಿಯಕರನಾಗಿ ಕುಣಿದವರು ಕೇರಳದ ವಿನೀತ್. ಇದಕ್ಕೆ ಪ್ರತಿಯಾಗಿ, ಅದಕ್ಕೂ ಹನ್ನೊಂದು ವರ್ಷ ಮೊದಲು ಮಲಯಾಳದ ಮೂಲ ಚಿತ್ರದಲ್ಲಿ ಶೋಭನಾ ಜೊತೆ ಕುಣಿದವರು ನಮ್ಮ ಶ್ರೀಧರ್! ‘ಅಮೃತಘಳಿಗೆ’ಯ ಶ್ರೀಧರ್, ತೆರೆಯ ಮೇಲೆ ಶಿಶುನಾಳ ಶರೀಫರಾದ ಶ್ರೀಧರ್. ಕನ್ನಡದವರು ಒಬ್ಬ ನರ್ತಕನನ್ನು ಕೊಟ್ಟರು, ಮಲಯಾಳದವರು ಒಬ್ಬನನ್ನು ಕೊಟ್ಟರು. ಮಲಯಾಳಿ, ತಮಿಳ, ಕೊಡವ, ಕರಾವಳಿಯವ, ಹಳೆ ಮೈಸೂರಿನವ, ತೆಲುಗಿನಲ್ಲಿ ಬೆಳಗಿದ ಕನ್ನಡತಿ, ಎಲ್ಲರೂ ಸೇರಿ ಮಾಡಿದ್ದಕ್ಕೆ ನಾವು ಕನ್ನಡ ಚಿತ್ರ ಎನ್ನುತ್ತೇವೆ. ಹಾಗೆ ಅನ್ನುವುದು ಸರಿಯಾಗಿಯೇ ಇದೆ.

ಬಾನುಲಿಯಲ್ಲಿ ಕೂತು ಮಾತಾಡುವಾಗ ದನಿಯ ವಿಷಯ ಬಿಡುವ ಹಾಗಿಲ್ಲ. ನಿಮಗೆ ನನ್ನ ಮುಖ ಕಾಣದು, ದನಿಯೊಂದೇ ಕೇಳುತ್ತದೆ. ಮಲಯಾಳದ ಚಿತ್ರದಲ್ಲಿ ಶೋಭನಾ ಅವರಿಗೆ ದನಿ ಕೊಟ್ಟವರು ಭಾಗ್ಯಲಕ್ಷ್ಮಿ ಎಂಬ ಪ್ರಸಿದ್ಧ ಕಂಠದಾನ ಕಲಾವಿದೆ. ಗಂಗಾಳದೂ ನಾಗವಲ್ಲಿಯದೂ ಎರಡೂ ಅವರದೇ ದನಿ ಎಂದು ಜನ ನಂಬಿದ್ದರು. 2016ರಲ್ಲಿ ಫಾಜಿಲ್ ನಿಜ ಹೇಳಿದರು. ತಮಿಳಿನಲ್ಲಿ ಆರ್ಭಟಿಸುವ ನಾಗವಲ್ಲಿಯ ದನಿ ದುರ್ಗಾ ಎಂಬ ತಮಿಳು ಕಲಾವಿದೆಯದು. ಇಪ್ಪತ್ತಮೂರು ವರ್ಷ! ಒಂದು ರಾಜ್ಯವೇ ಯಾರ ದನಿಗೆ ಬೆಚ್ಚಿತ್ತೋ ಆ ದನಿಯ ಒಡತಿ ಇಪ್ಪತ್ತಮೂರು ವರ್ಷ ಹೆಸರಿಲ್ಲದೆ ಇದ್ದಳು.

ಹೊರದೇಶದಲ್ಲೂ ಹೀಗೇ ಆಗಿದೆ. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ‘ಸೈಕೋ’ ಮಾಡಿದರು. ಮನಸ್ಸು ಒಡೆದ ಮನುಷ್ಯನನ್ನು ಭಯದ ಚಿತ್ರದ ನಡುಮನೆಯಲ್ಲಿ ಕೂಡಿಸಿದ್ದು ಆ ಚಿತ್ರ. ಅದರಲ್ಲಿ ಕೇಳಿಬರುವ ತಾಯಿಯ ದನಿ ಒಬ್ಬರದಲ್ಲ. ಪಾಲ್ ಜಾಸ್ಮಿನ್ ಎಂಬ ತರುಣ, ವರ್ಜೀನಿಯಾ ಗ್ರೆಗ್ ಮತ್ತು ಜೀನೆಟ್ ನೋಲನ್ ಎಂಬ ಇಬ್ಬರು ನಟಿಯರು, ಮೂವರ ದನಿಗಳನ್ನು ಬೆರೆಸಿ ಹೊಸೆದದ್ದು. ಮೂವರ ಹೆಸರೂ ತೆರೆಯ ಮೇಲೆ ಬರಲಿಲ್ಲ. ಸ್ನಾನದ ಮನೆಯ ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರಂತೆ ಹಿಚ್‌ಕಾಕ್. ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಕೇಳಲಿಲ್ಲ. ಬರೀ ತಂತಿವಾದ್ಯಗಳಲ್ಲಿ ಬರೆದು ಕೇಳಿಸಿದರು, ಹಿಚ್‌ಕಾಕ್ ಒಪ್ಪಿಕೊಂಡರು. ಇನ್ನು 1973ರ ‘ಎಕ್ಸಾರ್ಸಿಸ್ಟ್’. ಹುಡುಗಿಯ ಬಾಯಲ್ಲಿ ಪಿಶಾಚಿಯ ದನಿಯಾಗಿ ನುಡಿದ ಮರ್ಸಿಡಿಸ್ ಮೆಕೇಂಬ್ರಿಜ್ ತಮ್ಮ ಹೆಸರಿಗಾಗಿ ದನಿ ಎತ್ತಬೇಕಾಯಿತು. ಆಮೇಲೆ ಹೆಸರು ಸೇರಿತು. ದೆವ್ವದ ದನಿಗೆ ಒಡೆಯರಿದ್ದಾರೆ ಎಂದು ಗೊತ್ತಾದರೆ ಭಯ ಕಡಿಮೆಯಾದೀತು ಎಂಬ ಲೆಕ್ಕವೋ ಏನೋ. ನನಗಂತೂ ದುರ್ಗಾ ಎಂಬ ಹೆಸರು ಗೊತ್ತಾದ ಮೇಲೆ ಆ ದೃಶ್ಯ ಇನ್ನೂ ಗಾಢವಾಗಿ ಮುಟ್ಟಿತು.

ಈಗ ನಮ್ಮ ಜಿಲ್ಲೆಯ ಭಾಲ್ಕಿಗೆ ಬರೋಣ. ಸಿನಿಮಾಕ್ಕೂ ಭಾಲ್ಕಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಆ ಬೀಗದ ಕೋಣೆಯದು. ಚಿತ್ರದ ಅರಮನೆಯಲ್ಲಿ ಒಂದು ಕೋಣೆ ಇದೆ, ಬೀಗ ಹಾಕಿದ್ದಾರೆ, ತೆರೆಯಬಾರದು ಎಂದಿದ್ದಾರೆ, ಒಳಗೆ ಬೇರೊಂದು ಭಾಷೆ ಉಸಿರಾಡುತ್ತಿದೆ. ನಮ್ಮ ಬೀದರ ಕೋಟೆಯಲ್ಲೂ ರಂಗೀನ ಮಹಲಿಗೆ ಬೀಗ ಇರುತ್ತದೆ. ಕಾವಲುಗಾರರನ್ನು ಕೇಳಿಕೊಂಡರೆ ತೆರೆದು ತೋರಿಸುತ್ತಾರೆ. ಒಳಗೆ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ಮಿನುಗುತ್ತದೆ. ಚಿತ್ತಾರದ ಬೀಗ ಅಂದಾಗ ನನಗೆ ಅದೇ ಕಣ್ಣ ಮುಂದೆ ಬರುತ್ತದೆ. ಆದರೆ ಭಾಲ್ಕಿಯ ಬೀಗದ ಕೋಣೆ ಬೇರೆಯೇ ಬಗೆಯದು. ನಿಜಾಮನ ಆಳ್ವಿಕೆಯಲ್ಲಿ ಶಾಲೆ ಅಂದರೆ ಉರ್ದು ಶಾಲೆ. ಕನ್ನಡ ಕಲಿಸುವುದಕ್ಕೆ ದಾರಿ ಇರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಬಾಗಿಲ ಮೇಲೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹೊರಗೊಂದು ಭಾಷೆ, ಒಳಗೊಂದು ಭಾಷೆ. ಅಂದಿನ ಅಧಿಕಾರಿಯ ಕಿವಿಗೆ ಬಾಗಿಲ ಸಂದಿನಿಂದ ಬರುವ ಆ ಓದಿನ ಸದ್ದು ಹೇಗೆ ಕೇಳಿಸಿದ್ದೀತು! ಆ ಮಕ್ಕಳಲ್ಲಿ ಎಷ್ಟೋ ಜನ ಮುಂದೆ ಮೇಷ್ಟರಾದರು. ಅಂಥ ಮೇಷ್ಟರೊಬ್ಬರ ಕೈಯಲ್ಲಿ ಅಕ್ಷರ ತಿದ್ದಿದವನು ನಾನು. ಆದ್ದರಿಂದ ಮುಚ್ಚಿದ ಕೋಣೆಯಿಂದ ತಿಳಿಯದ ಮಾತು ಕೇಳಿಬಂದರೆ ಓಡಿಹೋಗಬೇಕೆಂದು ನನಗೆ ಅನ್ನಿಸುವುದಿಲ್ಲ. ಒಳಗೆ ಯಾರಿದ್ದಾರೆ ಎಂದು ಕೇಳಬೇಕೆನ್ನಿಸುತ್ತದೆ.

ಕನ್ನಡ ಸಿನಿಮಾ ಈ ಪ್ರಶ್ನೆಗೆ ಒಂದೇ ಸಲಕ್ಕೆ ಬಂದು ಮುಟ್ಟಲಿಲ್ಲ. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲ್ ‘ಶರಪಂಜರ’ ಮಾಡಿದರು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅವರ ಕಾದಂಬರಿ ಅದು. ಕಲ್ಪನಾ ನಟಿಸಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ, ಮನೆ ಗುಣವಾಗಿರುವುದಿಲ್ಲ. ಆಕೆಯನ್ನು ಮತ್ತೆ ಹುಚ್ಚಿಗೆ ತಳ್ಳುವುದು ಸುತ್ತಲಿನವರ ಕಣ್ಣು. ಮುಂದೆ 1979ರಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ ಬಂತು. ವಿಜಯ್ ನಿರ್ದೇಶನ, ರಾಜನ್ ನಾಗೇಂದ್ರ ಸಂಗೀತ. ಅಲ್ಲಿ ದೆವ್ವ ನಿಜವಾದದ್ದೇ. ಕಾಯುವವರು ಮಂತ್ರಾಲಯದ ಗುರುರಾಯರು. ಇನ್ನೂ ಇಪ್ಪತ್ತೈದು ವರ್ಷ ಕಳೆದು ‘ಆಪ್ತಮಿತ್ರ’ದಲ್ಲಿ ಆಚಾರ್ಯರೂ ಡಾಕ್ಟರೂ ಒಂದೇ ಕೋಣೆಯಲ್ಲಿ ನಿಂತರು. ಒಬ್ಬರು ಇನ್ನೊಬ್ಬರನ್ನು ಹೊರಗೆ ಕಳಿಸಲಿಲ್ಲ. ಕಾವೇರಿಗೆ ಸಿಗದೆ ಹೋದದ್ದು ಗಂಗಾಳಿಗೆ ಸಿಕ್ಕಿತು. ಗಂಡ ಆಕೆಯನ್ನು ಬಿಡಲಿಲ್ಲ, ಡಾಕ್ಟರು ಮನೆಯವರ ಎದುರಿಗೆ ಆಕೆಯ ಮಾನ ಕಾಪಾಡಿದರು. ರಮೇಶ್ ಅರವಿಂದ್ ಅವರ ಪಾತ್ರವನ್ನು ಯಾರೂ ಹೆಚ್ಚು ಹೊಗಳುವುದಿಲ್ಲ. ಹೆಂಡತಿಗೆ ಹೀಗಾಗಿದೆ ಎಂದು ತಿಳಿದ ಮೇಲೆ ಆತನ ಮುಖದಲ್ಲಿ ಅಸಹ್ಯ ಒಂದು ಗಳಿಗೆಯೂ ಹಾಯುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಚಿತ್ರವನ್ನು ಹೊತ್ತು ನಿಂತಿರುವುದು ಅದೇ.

ನಮ್ಮ ಹಳ್ಳಿಯ ಒಂದು ಸಂಗತಿ ಹೇಳುತ್ತೇನೆ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಓಣಿಯ ಒಂದು ಮನೆಗೆ ತೆಲುಗು ಸೀಮೆಯಿಂದ ಸೊಸೆ ಬಂದಿದ್ದಳು. ಹದಿನೇಳೋ ಹದಿನೆಂಟೋ ವಯಸ್ಸು. ಅತ್ತೆಮನೆಯವರಿಗೆ ತೆಲುಗು ಬಾರದು, ಆಕೆಗೆ ಬೇರೇನೂ ಬಾರದು. ಮೊದಲನೆಯ ಕೂಸು ಹೊಟ್ಟೆಯಲ್ಲೇ ಹೋಯಿತು. ಅದಾದ ಮೇಲೆ ಅಮಾವಾಸ್ಯೆ ಹುಣ್ಣಿಮೆಗೆ ಕಣ್ಣು ಮೇಲೆ ಮಾಡಿ, ತೆಲುಗಿನಲ್ಲಿ ಗಟ್ಟಿಯಾಗಿ ಏನೇನೋ ಒದರಲು ಶುರು ಮಾಡಿದಳು. ಮನೆಯವರು ಗಾಳಿ ಸೋಕ್ಯಾದ ಅಂದರು. ಮರಾಠಿಯವರು ಅಂಗಾತ್ ಆಲಂ ಅಂದರು, ಉರ್ದುವಿನವರು ಹವಾ ಲಗಿ ಅಂದರು. ಆಕೆಯ ತವರಿನವರು ಬಂದು ಪೂನಕಂ ಅಂದರು. ನಾಲ್ಕು ಭಾಷೆಯಲ್ಲೂ ಹೆಸರಿತ್ತು, ಒಂದರಲ್ಲೂ ಮದ್ದಿರಲಿಲ್ಲ. ಗುಡಿಗೆ ಒಯ್ದರು, ದರ್ಗಾಕ್ಕೆ ಒಯ್ದರು. ಬೇವಿನ ಬರಲಿನಿಂದ ಹೊಡೆದದ್ದನ್ನು ನಾನೇ ಕಣ್ಣಾರೆ ಕಂಡೆ. ಆಗ ಊರಿಗೆ ಬಂದಿದ್ದ ದೊಡ್ಡವ್ವ ಒಂದು ದಿನ ಆ ಮನೆಯ ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ತೆಲುಗಿನಲ್ಲಿ ಮಾತು ನಡೆದಿತ್ತು. ಹೊರಗೆ ಬಂದವಳು ಆ ಹುಡುಗಿಯ ಅತ್ತೆಗೆ ಹೇಳಿದ್ದು ಇಷ್ಟೇ: “ಅಕಿಗಿ ದೆವ್ವ ಬಡ್ದಿಲ್ಲವ್ವ. ಕೂಸಿನ ಸಲುವಾಗಿ ಅಳ್ಲತ್ತಾಳ. ಡಾಕ್ಟರ್ ಕಡಿ ಒಯ್ರಿ.” ಒಯ್ದರು. ಹೈದರಾಬಾದಿನವರೆಗೆ ಒಯ್ಯಬೇಕಾಯಿತು. ಗುಣವಾಗಲು ಎರಡು ವರ್ಷ ಹಿಡಿಯಿತು.

ಚಿತ್ರದಲ್ಲಿ ನಡೆಯುವುದೂ ಇದೇ ಅಲ್ಲವೇ? ಆಚಾರ್ಯರು ನಾಗವಲ್ಲಿಯ ಎದುರು ಕೂತು ನಿನಗೇನು ಬೇಕು ಎಂದು ಕೇಳುತ್ತಾರೆ. ಆಕೆ ಹೇಳುತ್ತಾಳೆ. ಆ ಉತ್ತರದ ಮೇಲೆ ಡಾಕ್ಟರು ತಮ್ಮ ಉಪಾಯ ಹೂಡುತ್ತಾರೆ. ದುರ್ಗಾಷ್ಟಮಿಯ ರಾತ್ರಿ, ಕುಣಿತ, ಖಡ್ಗ, ರಾಜನ ಬದಲು ಬೊಂಬೆ. ಇಲ್ಲಿ ನಾನು ಒಂದು ಮಾತು ಒತ್ತಿ ಹೇಳಬೇಕು. ನಿಜವಾದ ಕಾಯಿಲೆ ಒಂದು ರಾತ್ರಿಯ ನಗಾರಿಗೆ ಇಳಿಯುವುದಿಲ್ಲ. ಒಬ್ಬರೊಳಗೆ ಇನ್ನೊಬ್ಬರು ಎದ್ದು ನಿಂತಂತೆ ತೋರುವ ಬೇನೆ ಇದೆ, ವೈದ್ಯರು ಅದನ್ನು ಬಲ್ಲರು. ದೊಡ್ಡ ಆಘಾತದ ನೆನಪನ್ನು ಮನಸ್ಸು ಹೊರಲಾರದೆ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡಾಗ ಹೀಗಾಗುತ್ತದೆ ಎನ್ನುತ್ತಾರೆ. ಅದಕ್ಕೆ ಬೇಕಾದದ್ದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೂತು ಆಡುವ ಮಾತು. ಸಿನಿಮಾದ ಬೊಂಬೆಯ ಉಪಾಯವನ್ನು ಯಾರೂ ಮನೆಯಲ್ಲಿ ಮಾಡಿನೋಡಬಾರದು. ಕೇಳಿದ್ದು ನಿಜ, ಕೂತದ್ದು ನಿಜ. ಉಳಿದದ್ದು ತೆರೆಗಾಗಿ.

ನಮ್ಮ ಸೀಮೆಗೆ ಇದರಲ್ಲಿ ಒಂದು ಹೆಮ್ಮೆಯ ಪಾಲೂ ಇದೆ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಸಿಬ್ಬಂದಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು, ಮದ್ದು ಕೊಡುವುದನ್ನು ಕಲಿಸಿತು. ಅದೇ ಬಳ್ಳಾರಿ ಮಾದರಿಯಾಗಿ 1996ರಿಂದ ದೇಶದ ಜಿಲ್ಲೆ ಜಿಲ್ಲೆಗೆ ಹಬ್ಬಿತು. ಈಗ ಫೋನಿನಲ್ಲೂ ದಾರಿ ಇದೆ. ಟೆಲಿ ಮಾನಸ್, ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು, ಬೇರೆ ಭಾಷೆಗಳಲ್ಲೂ ಮಾತಾಡಬಹುದು. ಪೆನ್ನು ಹತ್ತಿರ ಇದ್ದರೆ ಬರೆದಿಟ್ಟುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ: 14416.

ಸೌಂದರ್ಯ ಹೋದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೋದರು. ಈ ಕಥೆಯ ಮುಂದಿನ ಭಾಗವೆಂದು ಪಿ. ವಾಸು ಅವರೇ ಮಾಡಿದ ‘ಆಪ್ತರಕ್ಷಕ’ ತೆರೆ ಕಂಡದ್ದು ಅದಾದ ಮೇಲೆ, 2010ರಲ್ಲಿ. ಎರಡು ಚಿತ್ರ, ಎರಡು ಸಲವೂ ಮುಖ್ಯರಾದವರು ತಮ್ಮ ಚಿತ್ರವನ್ನು ಜನರ ನಡುವೆ ಕೂತು ನೋಡಲಿಲ್ಲ. ಆಗಿನಿಂದ ನಾಗವಲ್ಲಿಯ ಶಾಪ ಎಂಬ ಮಾತು ಹರಿದಾಡುತ್ತಿದೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೋವಾಗುತ್ತದೆ. ವಿಮಾನ ಕೆಳಗೆ ಬಿದ್ದದ್ದಕ್ಕೆ, ಹೃದಯ ನಿಂತದ್ದಕ್ಕೆ ಈ ಲೋಕದಲ್ಲೇ ಕಾರಣಗಳಿವೆ. ದೆವ್ವ ಎಂದುಕೊಂಡದ್ದು ದೆವ್ವವಲ್ಲ, ಒಬ್ಬಳ ನೋವು ಎಂದು ತೋರಿಸಲು ಇವರೆಲ್ಲ ಬೆವರು ಸುರಿಸಿದರು. ಅವರ ಸಾವನ್ನೇ ದೆವ್ವದ ಲೆಕ್ಕಕ್ಕೆ ಬರೆದರೆ ಅವರ ಕೆಲಸವನ್ನು ನಾವು ನೋಡಿಯೇ ಇಲ್ಲ ಎಂದಾಗುತ್ತದೆ. ದ್ವಾರಕೀಶ್ 2024ರ ಏಪ್ರಿಲ್ 16ರವರೆಗೆ ಬಾಳಿದರು, ಎಂಬತ್ತೊಂದು ತುಂಬಿತ್ತು. ಸೌಂದರ್ಯ ಹೋಗಿ ಇಪ್ಪತ್ತು ವರ್ಷ ತುಂಬಲು ಅಂದಿಗೆ ಒಂದೇ ದಿನ ಕಡಿಮೆ.

ಆ ದಿನ ಚಿತ್ರ ಮುಗಿಯಿತು. ಮರುದಿನ ಕಣ್ಣು ತೋರಿಸಿ, ಸಂಜೆ ದೊಡ್ಡವ್ವನನ್ನು ಔರಾದ ಬಸ್ಸಿಗೆ ಕೂಡಿಸಿ ನಾನೂ ಜೊತೆಗೆ ಹೊರಟೆ. ಜನವಾಡ ದಾಟಿತು. ಕೌಠಾದ ಹತ್ತಿರ ಮಾಂಜ್ರಾ ಹೊಳೆಯ ಸೇತುವೆ ಬಂತು. ನೀರು ಕೆಂಪಗೆ ತುಂಬಿತ್ತು.

“ತಮ್ಮಾ, ಅಕಿ ಯಾವೂರಾಕಿ?” ಎಂದಳು.

“ಯಾರು?”

“ಅಕಿನೇ, ನಾಗವಲ್ಲಿ ಆದಾಕಿ.”

“ಮುಳಬಾಗಿಲು ಅಂತ, ಕೋಲಾರದ ಕಡಿ. ಅಲ್ಲಿ ಮನೆ ಮನೆಗೆ ಕನ್ನಡನೂ ಮಾತಾಡ್ತಾರ, ತೆಲುಗುನೂ ಮಾತಾಡ್ತಾರ.”

“ಹಾಂಗಾದ್ರ ನಮ್ಮಂಥಾಕೀನೇ,” ಎಂದು ಸೆರಗು ಸರಿಮಾಡಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, “ಈಗ ಎಲ್ಲಿ ಇರ್ತಾಳ?” ಎಂದಳು.

ಹೇಳಿದೆ. ಜಕ್ಕೂರು, ವಿಮಾನ, ಅಣ್ಣ, ಕರೀಂನಗರ. ಕರೀಂನಗರ ಆಕೆಗೆ ಗೊತ್ತಿದ್ದ ಊರು, ಅಲ್ಲಿ ಆಕೆಯ ತವರಿನ ಕಡೆಯ ಬೀಗರಿದ್ದರು. ಸಂತಪುರ ಬರುವವರೆಗೂ ಮಾತಾಡಲಿಲ್ಲ. ಸಂತಪುರದಲ್ಲಿ ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ದೊಡ್ಡವ್ವ ಕಿಟಕಿಯ ಕಡೆಗೆ ತಿರುಗಿ ಕೂತು, ಯಾರಿಗೂ ಅಲ್ಲವೆಂಬಂತೆ, “ಅಯ್ಯೋ ತಲ್ಲೀ” ಎಂದಳು. ತೆಲುಗಿನಲ್ಲಿ.